ಮಲಗಿದ ಮಕ್ಕಳಿಗೆ ಹೆದರುತ್ತಿದ್ದ ಡಾಕ್ಟರು

ಅವರು ಮಕ್ಕಳನ್ನು ಹಿಂದಿನಿಂದ ನೋಡುತ್ತಿದ್ದರು. ನಾವೆಲ್ಲ ಮಗುವಿನ ಮುಖ ನೋಡುತ್ತೇವೆ, ಕೆನ್ನೆ ಚಿವುಟುತ್ತೇವೆ, ಹೆಸರೇನು ಪುಟ್ಟ ಎಂದು ಕೇಳುತ್ತೇವೆ. ಅವರು ಮಗುವನ್ನು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿಸಿ ಕೂರಿಸಿ, ತಾವು ಬೆನ್ನ ಹಿಂದೆ ನಿಂತು, ಎರಡು ಕಿವಿಗಳನ್ನೂ ಒಟ್ಟಿಗೆ ನೋಡುತ್ತಿದ್ದರು. ಒಂದು ಕಿವಿ ಇನ್ನೊಂದಕ್ಕಿಂತ ಮುಂದಕ್ಕೆ ಚಾಚಿಕೊಂಡಿದೆಯೇ, ಸ್ವಲ್ಪ ಕೆಳಗೆ ಜಗ್ಗಿದೆಯೇ, ಕಿವಿಯ ಹಿಂದಿನ ಎಲುಬಿನ ಮೇಲೆ ಚರ್ಮ ಕೆಂಪಾಗಿ ಊದಿದೆಯೇ ಎಂದು ನೋಡಿ, ಹೆಬ್ಬೆರಳಿನಿಂದ ಅಲ್ಲೇ ಮೆಲ್ಲಗೆ ಒತ್ತುತ್ತಿದ್ದರು. ಆಮೇಲೆ ಟಾರ್ಚು, ಆಮೇಲೆ ಮಾತು.

ಕ್ಲಿನಿಕ್ಕಿನಲ್ಲಿ ಮಾತ್ರ ಹೀಗೆ ಎಂದುಕೊಂಡಿದ್ದೆ. ಒಂದು ಭಾನುವಾರ ಕಾಪುವಿನ ಕಡಲ ದಂಡೆಯಲ್ಲಿ ಅವರು ಎದುರಾದರು. ಜನರೆಲ್ಲ ದೀಪಸ್ತಂಭದ ಬಂಡೆಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಇವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಚುರುಮುರಿ ತಿನ್ನುತ್ತ, ನೀರಿನ ಕಡೆ ಮುಖ ಮಾಡಿ ಆಡುತ್ತಿದ್ದ ಮಕ್ಕಳ ತಲೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದರು. ಅಪ್ಪನ ಹೆಗಲಿನ ಮೇಲೆ ಗಾಢ ನಿದ್ರೆಯಲ್ಲಿದ್ದ ಒಂದು ಮಗುವನ್ನು ಕಂಡದ್ದೇ ತಿನ್ನುವುದನ್ನು ನಿಲ್ಲಿಸಿದರು. ಅದು ಎಚ್ಚರಾಗಿ ಕೊಸರಾಡುವ ತನಕ ಅಲ್ಲಿಂದ ಕದಲಲಿಲ್ಲ. ಅವರ ಜೊತೆ ಸಮುದ್ರ ನೋಡಲು ಹೋಗುವುದು ಅಷ್ಟೇನೂ ಸುಖದ ಸಂಗತಿ ಆಗಿರಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಹೆಸರು ಹಾಕಿ ಬರೆಯುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ, ಹಾಗಾಗಿ ಹಾಕುವುದಿಲ್ಲ. ಉಡುಪಿ ಬಳಿಯ ಈ ಶಿರ್ವದ ಸುತ್ತಮುತ್ತಲಿನವರಿಗೆ ಹೆಸರು ಬೇಕಾಗಿಯೂ ಇಲ್ಲ.

ನಾನು ಗದಗದ ಕಡೆಯವನು. ಇಲ್ಲಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಲು ಬಂದು, ಅವರ ಕ್ಲಿನಿಕ್ಕಿನ ಮಹಡಿಯ ಮೇಲಿನ ಮನೆಯಲ್ಲಿ ಬಾಡಿಗೆಗೆ ನಿಂತೆ, ಈಗಲೂ ಅಲ್ಲೇ ಇದ್ದೇನೆ. ಲೆಕ್ಚರರ್ ಎಂದು ಎಷ್ಟು ಹೇಳಿದರೂ ಅವರ ಪಾಲಿಗೆ ನಾನು ಮಾಸ್ಟ್ರು. ಅವರ ಮನೆಮಾತು ಕೊಂಕಣಿ. ಬೈಯುವುದು ಕೊಂಕಣಿಯಲ್ಲಿ, ಸಮಾಧಾನ ಹೇಳುವುದು ತುಳುವಿನಲ್ಲಿ. ಕನ್ನಡ ಮಾತ್ರ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಊರಿನಲ್ಲಿ ಗಲ್ಫ್ ಹಣದ ದೊಡ್ಡ ದೊಡ್ಡ ಮನೆಗಳು ಏಳುತ್ತಿದ್ದವು. ಅವುಗಳನ್ನು ಕಟ್ಟಲು ಬಾಗಲಕೋಟೆ, ಕೊಪ್ಪಳ, ಗದಗದಿಂದ ಕೆಲಸದವರು ಬರುತ್ತಿದ್ದರು. ಅವರ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಬಂದರೆ ಡಾಕ್ಟರಿಗೆ ಅವರ ಕನ್ನಡವೂ ಅವರಿಗೆ ಡಾಕ್ಟರ ಕನ್ನಡವೂ ಪೂರ್ತಿ ದಕ್ಕುತ್ತಿರಲಿಲ್ಲ. ಆಗ ಮೆಟ್ಟಿಲ ಬುಡದಿಂದ ಕೂಗು ಬರುತ್ತಿತ್ತು.

"ಮಾಸ್ಟ್ರೇ, ಸ್ವಲ್ಪ ಕೆಳಗೆ ಬನ್ನಿ. ನಿಮ್ಮವರು ಬಂದಿದ್ದಾರೆ."

ಹೀಗೆ ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದಕನಾದೆ. ಮೊದಲನೆಯ ದಿನವೇ ಕಷ್ಟಕ್ಕೆ ಸಿಕ್ಕಿದೆ. ಒಬ್ಬಳು ತಾಯಿ ಕಣ್ಣೀರು ಒರೆಸಿಕೊಳ್ಳುತ್ತ, "ಕಿವಿ ತಿವೀತೈತಂತ್ರಿ, ಒಂದೇ ಸಮ ಚೀರ್ತಾನ್ರಿ" ಎಂದಳು. ನಾನು ಹೇಳಿದೆ. ಡಾಕ್ಟರು ತಲೆ ಎತ್ತದೆ, "ಅಳ್ತಾನಾ? ಒಳ್ಳೆಯದಾಯಿತು" ಎಂದರು. ಆ ತಾಯಿಗೆ ಅಷ್ಟು ಮಾತ್ರ ಸರಿಯಾಗಿ ಅರ್ಥವಾಯಿತು. ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು.

ಅವಳು ಹೋದ ಮೇಲೆ ನಾನು, ಏನು ಡಾಕ್ಟ್ರೇ ಹೀಗೆ ಹೇಳುವುದಾ ಎಂದು ಕೇಳಿದೆ. ಹಾಲು ಹಾಕದ ಕಣ್ಣ ಚಾ ಕುಡಿಯುತ್ತ ಅವರು ಹೇಳಿದರು: "ಕಿವಿ ನೋವಿನ ಮಗು ಅಳಬೇಕು ಮಾಸ್ಟ್ರೇ. ಅತ್ತರೆ ನನಗೆ ಧೈರ್ಯ. ಸುಮ್ಮನೆ ಮಲಗಿದ್ದಾನೆ ಅಂತ ಹೇಳಿದರೆ ನನ್ನ ಕೈ ತಣ್ಣಗಾಗ್ತದೆ."

ಅವರಿಗೆ ಈ ಹೆದರಿಕೆ ಹೇಗೆ ಬಂತು ಎಂಬುದು ನನಗೆ ತಿಳಿಯಲು ಹಲವು ವರ್ಷ ಹಿಡಿಯಿತು. ಅದು ಅವರು ಬರೆದುಕೊಡುತ್ತಿದ್ದ ಒಂದು ಕೆಂಪು ಸಿರಪ್ಪಿನ ಕಥೆ.

ಪ್ರಾಯದಲ್ಲಿ ಅವರು ಮಕ್ಕಳ ಕಿವಿ ನೋವಿಗೆ ಕೊಡುತ್ತಿದ್ದದ್ದು ಇದನ್ನೇ. ಶೀತಕ್ಕೆ ಕೊಡುವ ಸಿರಪ್ಪು ಅದು. ಮೂಗು ಕಟ್ಟಿದ್ದನ್ನು ಬಿಡಿಸಲು ಒಂದು ಮದ್ದು, ಸೋರುವ ಮೂಗನ್ನು ಒಣಗಿಸಲು ಇನ್ನೊಂದು, ಎರಡೂ ಅದರಲ್ಲಿ ಇದ್ದವು. ಆ ಎರಡನೆಯದಕ್ಕೆ ನಿದ್ರೆ ಬರಿಸುವ ಗುಣವೂ ಇತ್ತು. ಆಗ ಎಲ್ಲ ಡಾಕ್ಟರುಗಳೂ ಅದನ್ನೇ ಕೊಡುತ್ತಿದ್ದರು. ಇವರ ವಿಶೇಷ ಏನೆಂದರೆ ಕಾರಣವನ್ನು ಬಿಡಿಸಿ ಹೇಳುತ್ತಿದ್ದರು. ಮೂಗಿನ ಹಿಂದಿನಿಂದ ಕಿವಿಯ ಒಳಗೆ ಒಂದು ಸಣ್ಣ ನಾಳ ಉಂಟು. ಶೀತ ಆದಾಗ ಅದು ಕಟ್ಟಿಕೊಳ್ಳುತ್ತದೆ. ನೀರು ಹರಿದುಹೋಗುವ ತೋಡಿಗೆ ಮಣ್ಣು ಬಿದ್ದರೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲವಾ, ಹಾಗೆ ಕಿವಿಯೊಳಗೆ ನೀರು ನಿಂತು ಕೀವಾಗುತ್ತದೆ. ಮೂಗು ಬಿಡಿಸಿದರೆ ತೋಡು ಬಿಡಿಸಿದ ಹಾಗೆ. ಗದ್ದೆ ಇದ್ದ ಊರಿನಲ್ಲಿ ಇದು ಯಾರಿಗೆ ಅರ್ಥವಾಗುವುದಿಲ್ಲ? ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಹೆಂಗಸರು ಒಬ್ಬರಿಗೊಬ್ಬರು ಈ ತೋಡಿನ ವಿಚಾರ ಹೇಳಿಕೊಂಡರು. ಮದ್ದು ಕುಡಿದ ಮಗು ಅಳು ನಿಲ್ಲಿಸಿ ಮಲಗುತ್ತಿತ್ತು. ಇನ್ನೇನು ಬೇಕು? ಅದಕ್ಕೆ 'ಡಾಕ್ಟ್ರ ಕೆಂಪು ಮದ್ದು' ಎಂದೇ ಹೆಸರು ಬಿತ್ತು.

ಆಮೇಲೆ ಒಂದು ಸಲ ಮಣಿಪಾಲದಲ್ಲಿ ಡಾಕ್ಟರುಗಳ ಸಭೆಗೆ ಹೋದವರು ಮುಖ ಇಳಿಸಿಕೊಂಡು ಬಂದರು. ಶೀತದ ಸಿರಪ್ಪಿನಿಂದ ಮಕ್ಕಳ ಕಿವಿಯ ಸೋಂಕಿಗೆ ಏನೂ ಪ್ರಯೋಜನ ಇಲ್ಲ, ಬೇಡದ ಪರಿಣಾಮಗಳೇ ಹೆಚ್ಚು ಎಂದು ಅಲ್ಲಿ ಯಾರೋ ಕಿರಿಯರು ವಿವರಿಸಿದ್ದರಂತೆ. ಇವರು ಎದ್ದು ನಿಂತು ವಾದ ಮಾಡಲು ನೋಡಿದರಂತೆ, ಸೋತರಂತೆ. ಮನೆಗೆ ಬಂದು ಪುಸ್ತಕ ತೆಗೆದು ಓದಿದರಂತೆ, ಮತ್ತೂ ಸೋತರಂತೆ. ಇದೆಲ್ಲ ನಾನು ಶಿರ್ವಕ್ಕೆ ಬರುವುದಕ್ಕೂ ಮೊದಲಿನ ಮಾತು, ಅವರೇ ಹೇಳಿದ್ದು. ತೋಡಿನ ವಿವರಣೆ ಅಷ್ಟು ಚೆನ್ನಾಗಿತ್ತಲ್ಲ ಡಾಕ್ಟ್ರೇ ಎಂದು ನಾನು ಅಂದದ್ದಕ್ಕೆ, "ಅದೇ ತಪ್ಪಾದದ್ದು. ಅಷ್ಟು ಸುಲಭದಲ್ಲಿ ಅರ್ಥ ಆಗುವಾಗ ನನಗೆ ಸಂಶಯ ಬರಬೇಕಿತ್ತು" ಎಂದರು.

ಮರುದಿನದಿಂದ ಬರೆಯುವುದನ್ನು ನಿಲ್ಲಿಸಿದರು. ನೋವಿಗೆ ನೋವಿನ ಮದ್ದನ್ನು ತೂಕ ನೋಡಿ ಕೊಡುತ್ತಿದ್ದರು, ಬೇಕಾದವರಿಗೆ ಆ್ಯಂಟಿಬಯಾಟಿಕ್ ಕೊಡುತ್ತಿದ್ದರು, ಎಲ್ಲರಿಗೂ ನಾಡಿದ್ದು ಮತ್ತೆ ತೋರಿಸಿ ಎನ್ನುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರು ತಾವು ಇಷ್ಟು ವರ್ಷ ಕೊಟ್ಟದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಲು ತೊಡಗಿದರು. ಅದು ಜನರಿಗೆ ಹಿಡಿಸಲಿಲ್ಲ. ಡಾಕ್ಟರು ತಪ್ಪು ಮಾಡಿದರೆ ಕ್ಷಮಿಸುತ್ತಾರೆ, ಒಪ್ಪಿಕೊಂಡರೆ ಯಾಕೋ ಅನುಮಾನ ಪಡುತ್ತಾರೆ.

ನಾನೇ ಕೇಳಿಸಿಕೊಂಡ ಒಂದು ಜಗಳ ಉಂಟು. ಬಂಟಕಲ್ಲಿನ ಕಡೆಯ ಒಬ್ಬಳು, ಬ್ಯಾಂಕಿನಲ್ಲಿ ಕೆಲಸ ಇದ್ದವಳು, ಮಗುವನ್ನು ತೊಡೆಯ ಮೇಲೆ ಕುಣಿಸುತ್ತ, "ನನಗೆ ಚಿಕ್ಕದಿರುವಾಗ ನೀವೇ ಕೊಟ್ಟದ್ದಲ್ವಾ ಡಾಕ್ಟ್ರೇ? ನಾನು ಎಂತ, ಸತ್ತಿದ್ದೇನಾ?" ಎಂದಳು.

"ಇಲ್ಲ. ಕಿವಿ ನೋವು ಹೆಚ್ಚಿನ ಮಕ್ಕಳಿಗೆ ತಾನಾಗಿಯೇ ಗುಣ ಆಗ್ತದೆ. ಹೆಸರು ಮದ್ದಿಗೆ ಬಂತು. ನನಗೂ ಬಂತು."

"ಮತ್ತೆ ಈಗ ಕೊಟ್ಟರೆ ಎಂತ ತೊಂದರೆ? ಮಗು ಮಲಗ್ತದಲ್ವಾ?"

"ಮಲಗ್ತದೆ. ಕೆಲವು ಮಕ್ಕಳದ್ದು ತಾನಾಗಿ ಗುಣ ಆಗುವುದಿಲ್ಲ. ಕೀವು ಎಲುಬಿಗೆ ಇಳಿಯುತ್ತದೆ. ಅಂಥ ಮಗು ಮಲಗಿಯೇ ಇದ್ದರೆ ನಮಗೆ ಗೊತ್ತಾಗುವುದು ಹೇಗೆ ಮಾರಾಯ್ತಿ?"

ಅವಳು ಎದ್ದು ಹೋದಳು. ಉಡುಪಿಯಲ್ಲಿ ಬೇರೆ ಡಾಕ್ಟರು ಇಲ್ಲವಾ ಎಂದು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ್ದು ಒಳಗೂ ಕೇಳಿಸಿತು. ಇವರು ಮುಂದಿನ ಮಗುವನ್ನು ಗೋಡೆಯ ಕಡೆ ತಿರುಗಿಸಿದರು.

ಮದ್ದು ಬರೆಯುವುದು ನಿಂತರೂ ಮದ್ದು ನಿಲ್ಲಲಿಲ್ಲ. ನಮ್ಮ ಗದಗದಲ್ಲಿ ನಡೆಯದ, ಇಲ್ಲಿ ಮಾತ್ರ ನಡೆಯುವ ಒಂದು ಕ್ರಮ ಇದಕ್ಕೆ ಕಾರಣ. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆ ಬಿಚ್ಚುವಾಗ ಹಾಲಿನ ಪುಡಿ, ಖರ್ಜೂರ, ಸಾಬೂನು, ನೋವಿನ ಎಣ್ಣೆ ಇವುಗಳ ನಡುವೆ ಒಂದೆರಡು ಸಿರಪ್ಪಿನ ಬಾಟಲಿಗಳೂ ಇರುತ್ತವೆ. ಮೇಲೆ ಅರಬಿ ಅಕ್ಷರ, ಒಳಗೆ ಕೆಂಪು. ಡಾಕ್ಟರು ಯಾವತ್ತೋ ಹೇಳಿದ ಮದ್ದನ್ನೇ ಅಲ್ಲಿಯ ಅಂಗಡಿಯಲ್ಲಿ ವಿಚಾರಿಸಿ ತಂದದ್ದು, ಅಲ್ಲಿಯದು ಇಲ್ಲಿಯದಕ್ಕಿಂತ ಸ್ಟ್ರಾಂಗು ಎಂಬ ನಂಬಿಕೆ ಬೇರೆ. ಫ್ರಿಜ್ಜಿನ ಬಾಗಿಲಲ್ಲಿ ಸಾಸಿನ ಬಾಟಲಿಯ ಪಕ್ಕದಲ್ಲಿ ಅದಕ್ಕೊಂದು ಜಾಗ. ನಾಮಕರಣದ ದಿನ ಇಗರ್ಜಿಯಲ್ಲಿ ಪಾದ್ರಿಗಳ ಎದುರು ಮಗು ರಂಪ ಮಾಡಬಾರದೆಂದು ಅರ್ಧ ಚಮಚ, ಮಂಗಳೂರಿಗೆ ಬಸ್ಸು ಹತ್ತುವ ಮೊದಲು ಅರ್ಧ ಚಮಚ. ನೆರೆಯ ಮನೆಯ ಮಗು ಅತ್ತರೆ ಬಾಟಲಿ ಬೇಲಿ ದಾಟುತ್ತಿತ್ತು. ಕೊಡದೆ ಇದ್ದವರನ್ನು ಜಿಪುಣರೆಂದು ಆಡಿಕೊಳ್ಳುತ್ತಿದ್ದರು. ಯಾರಲ್ಲೂ ಕೆಟ್ಟ ಮನಸ್ಸು ಇರಲಿಲ್ಲ, ಅದೇ ನನಗೆ ಇಂದಿಗೂ ಭಯ ಹುಟ್ಟಿಸುವ ಸಂಗತಿ.

ಜೆಸಿಂತಾ ಬಾಯಿಯವರ ಮನೆಯಲ್ಲಿ ಆದದ್ದನ್ನು ಹೇಳಬೇಕು. ನಮ್ಮ ಬೀದಿಯ ಕೊನೆಯಲ್ಲಿ ಅವರ ಮನೆ, ಗಂಡ ಮಕ್ಕಳು ಕುವೈಟಿನಲ್ಲಿ. ಧಾರಾಳ ಕೈಯ ಹೆಂಗಸು. ಸೆಪ್ಟೆಂಬರಿನ ತೆನೆ ಹಬ್ಬಕ್ಕೆ ನನ್ನನ್ನೂ ಡಾಕ್ಟರನ್ನೂ ಊಟಕ್ಕೆ ಕರೆದಿದ್ದರು. ಆ ದಿನ ಅವರಲ್ಲಿ ಹೊಸ ಭತ್ತದ ಕಾಳನ್ನು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತಾರೆ, ಊಟಕ್ಕೆ ಬರಿಯ ತರಕಾರಿ. "ವರ್ಷಕ್ಕೆ ಇದೊಂದು ದಿನ ಮೀನಿಲ್ಲ ಮಾಸ್ಟ್ರೇ. ನಿಮಗಾಗಿಯೇ ದೇವರು ಇಟ್ಟ ಹಬ್ಬ" ಎಂದು ನಗುತ್ತ ಬಡಿಸಿದರು. ಬೆಂಡೆ, ಹರಿವೆ, ಕೆಸುವಿನ ದಂಟು, ಒಂದರ ಮೇಲೊಂದು ಬಂದವು. ನಾನು ಊಟದಲ್ಲಿ ಮುಳುಗಿದ್ದೆ.

ಡಾಕ್ಟರು ಮೊದಲು ಎದ್ದು ಕೈ ತೊಳೆಯಲು ಹಿಂಬದಿಗೆ ಹೋದರು. ಅಲ್ಲಿ ಶಾಂತವ್ವ ಪಾತ್ರೆ ತೊಳೆಯುತ್ತಿದ್ದಳು. ಕೊಪ್ಪಳದ ಕಡೆಯವಳು, ಗಂಡ ಹನುಮಪ್ಪ ಪಕ್ಕದ ಹೊಸ ಮನೆಯ ಗಾರೆ ಕೆಲಸಕ್ಕೆ ಬಂದಿದ್ದ. ನಾಲ್ಕು ವರ್ಷದ ಮಗಳು ಅಂಬಿಕಾ ರುಬ್ಬುವ ಕಲ್ಲಿನ ಪಕ್ಕ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ನಾನು ಕೈ ತೊಳೆಯಲು ಹೋಗುವಾಗ ಡಾಕ್ಟರು ಹಬ್ಬದ ಸೀರೆಯಲ್ಲೇ ಒದ್ದೆ ನೆಲದ ಮೇಲೆ ಮೊಣಕಾಲೂರಿ ಕುಳಿತಿದ್ದರು. ಅವರು ಏನು ನೋಡುತ್ತಿದ್ದಾರೆಂದು ನಾನೂ ನೋಡಿದೆ. ಒಂದು ಕಿವಿ ತನ್ನ ಜಾಗದಲ್ಲಿ ಇರಲಿಲ್ಲ. ಹಿಂದಿನಿಂದ ಯಾರೋ ಬೆರಳು ಕೊಟ್ಟು ಮುಂದಕ್ಕೆ ತಳ್ಳಿದ ಹಾಗೆ ನಿಂತಿತ್ತು. ಅದರ ಹಿಂದೆ ಕೂದಲಿನ ಅಂಚಿನವರೆಗೆ ಚರ್ಮ ಕೆಂಪಾಗಿ ಹೊಳೆಯುತ್ತಿತ್ತು.

ಜೆಸಿಂತಾ ಬಾಯಿ ಪಾಯಸದ ಸೌಟು ಹಿಡಿದುಕೊಂಡೇ ಬಂದರು. "ಎಷ್ಟು ಚಂದ ಮಲಗಿದೆ ನೋಡಿ, ಪಾಪದ್ದು. ಮೊನ್ನೆಯಿಂದ ಕಿವಿ ನೋವು ಅಂತ ಒಂದೇ ಅಳು, ಅವಳಿಗೆ ಕೆಲಸ ಮಾಡ್ಲಿಕ್ಕೂ ಬಿಡ್ಲಿಲ್ಲ. ನಾನು ನಿಮ್ಮ ಕೆಂಪು ಮದ್ದು ಕೊಟ್ಟೆ ಡಾಕ್ಟ್ರೇ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮತ್ತೆ ತೊಂದರೆಯೇ ಇಲ್ಲ."

ಡಾಕ್ಟರು ಮಗುವನ್ನು ಮೆಲ್ಲಗೆ ಅಂಗಾತ ಮಾಡಿದರು. ಮಗುವಿನ ಕೆನ್ನೆ ತಟ್ಟಿದರು, ಅಂಗಾಲು ಗೀರಿದರು, ತಲೆಯ ಕೆಳಗೆ ಕೈ ಕೊಟ್ಟು ಎತ್ತಲು ನೋಡಿದರು. ಕತ್ತು ಬಾಗಲಿಲ್ಲ. ಮಗು ಕಣ್ಣು ಅರ್ಧ ತೆರೆದು, ಯಾರನ್ನೂ ನೋಡದೆ ಮತ್ತೆ ಮುಚ್ಚಿತು.

"ಕಾರು ತೆಗೆಯಿರಿ" ಎಂದರು. ಇಷ್ಟು ಸಣ್ಣ ಸ್ವರದಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಜೆಸಿಂತಾ ಬಾಯಿಯವರ ತಮ್ಮ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಿನಲ್ಲಿ ಇಟ್ಟುಕೊಂಡು ಡಾಕ್ಟರು, ಪಕ್ಕದಲ್ಲಿ ಶಾಂತವ್ವ. ಅವಳಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ದೊಡ್ಡವರು ಹಬ್ಬದ ಊಟ ಬಿಟ್ಟು ತನ್ನ ಮಗಳನ್ನು ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆಂಬ ಸಂಕೋಚವೇ ಮುಖದ ತುಂಬ ಇತ್ತು. ಕಟಪಾಡಿಯ ಹತ್ತಿರ ಬಂದಾಗ ಅವಳು ಥಟ್ಟನೆ ಹಣೆ ಬಡಿದುಕೊಂಡಳು.

"ಅಯ್ಯ, ಆ ಕೆಂಪು ಔಷಧ ತರೋದ ಮರತೇನ್ರಿ ಸರ. ನಡುವ ಎದ್ದು ಅಳಾಕ ಹತ್ತಿದ್ರ ಏನ ಮಾಡ್ಲಿ?"

"ಎಂತ ಹೇಳಿದಳು?" ಎಂದರು ಡಾಕ್ಟರು.

ಇನ್ನೆಷ್ಟು ದೂರ ಎಂದು ನಾನು ಕಾರು ಓಡಿಸುತ್ತಿದ್ದವನನ್ನು ಕೇಳಿದೆ. ಅವರು ಇನ್ನೊಮ್ಮೆ ಕೇಳಿದರು. ಹೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಮಗುವಿನ ಮುಖದ ಹತ್ತಿರ ಬಾಗಿ, ಉಡುಪಿ ಬರುವ ತನಕವೂ ಒಂದೇ ಮಾತು ಹೇಳುತ್ತಿದ್ದರು. "ಅಳು ಮಗಾ. ಅಂಬಿಕಾ, ಒಮ್ಮೆ ಅಳು." ಮುಂದಿನ ಸೀಟಿನಲ್ಲಿ ಕುಳಿತಿದ್ದ ನನಗೆ ಹಿಂದಕ್ಕೆ ತಿರುಗುವ ಧೈರ್ಯ ಬರಲಿಲ್ಲ. ಮಗು ಅಳಲಿಲ್ಲ.

ಆಸ್ಪತ್ರೆಯಲ್ಲಿ ತಡ ಮಾಡಲಿಲ್ಲ. ಆ ಸಂಜೆಯೇ ಕಿವಿಯ ಹಿಂದೆ ಕೊಯ್ದು, ಎಲುಬು ಕೆರೆದು ಕೀವು ತೆಗೆದರು. ಸೋಂಕು ಮೆದುಳಿನ ಹೊದಿಕೆಯನ್ನು ಆಗಲೇ ಮುಟ್ಟಿತ್ತಂತೆ. ಅಂಬಿಕಾ ಬದುಕಿದಳು. ವಾರ ಕಳೆದು ಎದ್ದು ಕುಳಿತಳು, ಬಿಸ್ಕತ್ತು ಕೇಳಿದಳು. ಬಲಗಿವಿ ಮಾತ್ರ ಕೇಳಿಸದೆ ಹೋಯಿತು.

ವಾರ್ಡಿನ ಹೊರಗೆ ಒಂದು ದಿನ ಡಾಕ್ಟರು ಶಾಂತವ್ವನನ್ನು ಕೂರಿಸಿಕೊಂಡು ತಾವೇ ಮಾತಾಡಿದರು. ನನ್ನ ಸಹಾಯ ಬೇಡ ಎಂದರು. ತಮ್ಮ ವಾರ್ತೆಯ ಕನ್ನಡದಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ಆ ಔಷಧವನ್ನು ಈ ಊರಿಗೆ ಮೊದಲು ಹೇಳಿಕೊಟ್ಟವಳು ನಾನು. ಅದರಿಂದ ಕಿವಿ ಗುಣವಾಗುವುದಿಲ್ಲ. ನಿಮ್ಮ ಮಗಳು ಮಲಗಿದ್ದರಿಂದ ನಿಮಗೆ ಗೊತ್ತಾಗಲಿಲ್ಲ."

ಶಾಂತವ್ವ ಅವರ ಎರಡು ಕೈಗಳನ್ನೂ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಹಂಗನಬ್ಯಾಡ್ರಿ ಅಕ್ಕಾರ. ನನ್ನ ಮಗಳನ್ನ ಉಳಿಸಿದಾಕಿ ನೀವ."

ಡಾಕ್ಟರು ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿದರು. "ಸರಿಯಾಗಿ ಹೇಳಿ ಮಾಸ್ಟ್ರೇ. ಇವರಿಗೆ ಅರ್ಥ ಆಗಲಿಲ್ಲ."

"ಅರ್ಥ ಆಗಿದೆ ಡಾಕ್ಟ್ರೇ" ಎಂದೆ.

ಅವರಿಗೆ ನನ್ನ ಮೇಲೆ ಸಿಟ್ಟು ಬಂತು. ಕೆಲವು ದಿನ ಮೆಟ್ಟಿಲ ಬುಡದಿಂದ ಕೂಗು ಬರಲಿಲ್ಲ. ಶಾಂತವ್ವ ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ. ಬೈಯಬೇಕಾದವಳು ಕೈ ಮುಗಿದಳು.

ಅದಾದ ಮೇಲೆ ಅವರು ಮನೆ ಮನೆಗೆ ಹೋಗಲು ಶುರು ಮಾಡಿದರು. ಸಂಜೆ ಕ್ಲಿನಿಕ್ಕು ಬೇಗ ಮುಚ್ಚಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು, ತಮ್ಮ ಹಳೆಯ ರೋಗಿಗಳ ಮನೆಗೆ. ಎರಡು ಮೂರು ಸಲ ನಾನೂ ಜೊತೆಗೆ ಹೋದೆ. ಎಲ್ಲ ಕಡೆ ಮರ್ಯಾದೆಯೇ ಮರ್ಯಾದೆ. ಫ್ಯಾನು ಹಾಕುತ್ತಾರೆ, ಜ್ಯೂಸು ತರುತ್ತಾರೆ, ನಿಮ್ಮ ಕೈಗುಣ ಡಾಕ್ಟ್ರೇ ಎನ್ನುತ್ತಾರೆ. ಇವರು ಜ್ಯೂಸು ಮುಟ್ಟದೆ ನೇರ ಫ್ರಿಜ್ಜಿನ ಕಡೆ ಹೋಗಿ ಬಾಗಿಲು ತೆರೆಯುತ್ತಾರೆ. ಬೇರೆಯವರ ಮನೆಯ ಫ್ರಿಜ್ಜನ್ನು ಹಾಗೆ ತೆರೆಯುವ ಇನ್ನೊಬ್ಬರನ್ನು ನಾನು ಕಂಡಿಲ್ಲ. "ಇದು ಕೊಡಿ" ಎನ್ನುತ್ತಾರೆ. ಮನೆಯವರು ನಗುತ್ತ ಕೊಡುತ್ತಾರೆ. ಹೊರಗೆ ಬಂದ ಮೇಲೆ ಒಳಗಿನಿಂದ ಪಿಸುಮಾತು. ಪಾಪ, ಒಂಟಿ ಜೀವ, ವಯಸ್ಸಾಯಿತಲ್ಲ.

ಕೊಟ್ಟವರ ಮನೆಯಲ್ಲಿ ಇನ್ನೊಂದು ಬಾಟಲಿ ಇರುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಜೆಸಿಂತಾ ಬಾಯಿ ತಮ್ಮ ಬಾಟಲಿಯನ್ನು ಡಾಕ್ಟರ ಎದುರಿಗೇ ಸಿಂಕಿಗೆ ಸುರಿದು, ಹೋ ಎಂದು ಅತ್ತಿದ್ದರು. ಆ ಅಳು ಸುಳ್ಳಲ್ಲ. ಆದರೆ ಮಗ ಕುವೈಟಿನಿಂದ ಬಂದು ಹೋದ ಮೇಲೆ ನಾನು ಕಾಫಿಗೆ ಹೋಗಿದ್ದಾಗ ಫ್ರಿಜ್ಜಿನ ಬಾಗಿಲಲ್ಲಿ ಮತ್ತೆ ಕೆಂಪು ಕಂಡಿತು. ನನ್ನ ಕಣ್ಣು ಹೋದದ್ದನ್ನು ನೋಡಿ ಅವರು, "ದೊಡ್ಡವರಿಗೆ ಅಂತ ಇಟ್ಟದ್ದು ಮಾಸ್ಟ್ರೇ, ಮಕ್ಕಳಿಗೆ ಅಲ್ಲ. ಡಾಕ್ಟ್ರಿಗೆ ಹೇಳ್ಬೇಡಿ" ಎಂದರು. ಅವರ ಮನೆಯಲ್ಲಿ ಸೊಸೆ ಬಸುರಿಯಾಗಿದ್ದಳು.

ಅಂಬಿಕಾಳನ್ನು ಆಮೇಲೆ ಒಂದು ಸಲ ಕಂಡೆ. ಹನುಮಪ್ಪನಿಗೆ ಕಾರ್ಕಳದಲ್ಲಿ ಕಲ್ಲಿನ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋಗಿದ್ದರು. ಕಾಲೇಜಿನ ಪರೀಕ್ಷೆಯ ಕೆಲಸಕ್ಕೆ ನಾನು ಕಾರ್ಕಳಕ್ಕೆ ಹೋದವನು ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗಳನ್ನು ನೋಡಿದೆ. ಶಾಲೆಯ ಯೂನಿಫಾರ್ಮು, ಎರಡು ಜಡೆ, ಕೆಂಪು ರಿಬ್ಬನ್ನು. ಅವಳ ಬಲಗಡೆಯಿಂದ ಬರುತ್ತಿದ್ದ ನಾನು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಹಿಂದಿನಿಂದ ರಿವರ್ಸ್ ಬರುತ್ತಿದ್ದ ಬಸ್ಸಿನ ಹಾರ್ನು ಕೇಳಿಯೂ ಮೊದಲು ತಪ್ಪು ದಿಕ್ಕಿಗೆ ನೋಡಿದಳು. ಶಾಂತವ್ವ ತೋಳು ಹಿಡಿದು ಎಳೆದುಕೊಂಡಳು. ಅವಳ ಕೈ ಆ ಮಗುವಿನ ತೋಳನ್ನು ಬಿಟ್ಟದ್ದನ್ನೇ ನಾನು ಕಾಣಲಿಲ್ಲ. "ಅಕ್ಕಾರು ಆರಾಮ ಅದಾರೇನ್ರಿ?" ಎಂದು ಕೇಳಿದಳು.

ಶಿರ್ವಕ್ಕೆ ಬಂದು ಡಾಕ್ಟರಿಗೆ ಹೇಳಿದೆ, ಬಸ್ಸಿನ ವಿಚಾರ ಬಿಟ್ಟು. ಆಗ ಅವರಿಗೆ ಕಾಲು ಊದಲು ತೊಡಗಿತ್ತು, ಹೃದಯದ ತೊಂದರೆ. ಕ್ಲಿನಿಕ್ಕು ಮುಚ್ಚಿ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಶಾಲೆಗೆ ಹೋಗುತ್ತಾಳೆ, ಎತ್ತರ ಆಗಿದ್ದಾಳೆ ಎಂದೆಲ್ಲ ಹೇಳಿದ್ದನ್ನು ಕೇಳಿಸಿಕೊಂಡು, "ಕರೆದಾಗ ತಿರುಗಿದಳಾ?" ಎಂದರು. ನಾನು ಹೌದು ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ನನಗೆ ಅವರ ಮೇಲೆ ಆ ದಿನ ಎಷ್ಟು ಪ್ರೀತಿ ಬಂತೆಂದರೆ ಹೇಳಲು ಬರುವುದಿಲ್ಲ. ಹೇಳಿದರೆ ಬೈಯುತ್ತಿದ್ದರು.

ಅಂತ್ಯಕ್ರಿಯೆಗೆ ಇಗರ್ಜಿ ತುಂಬಿ ಅಂಗಳದಲ್ಲಿ ಜನ ನಿಂತಿದ್ದರು. ಅವರ ಕೈಯಲ್ಲಿ ಬೆಳೆದ ಮಕ್ಕಳು ಈಗ ಮೀಸೆ ಹೊತ್ತು, ಮಕ್ಕಳನ್ನು ಹೊತ್ತು ಬಂದಿದ್ದರು. ಶ್ರದ್ಧಾಂಜಲಿಯಲ್ಲಿ ಊರಿನ ಹಿರಿಯರೊಬ್ಬರು ಮೈಕಿನ ಮುಂದೆ ಕಣ್ಣು ಒರೆಸಿಕೊಂಡು ಹೇಳಿದರು: "ಅವರು ಕೊಟ್ಟ ಒಂದು ಕೆಂಪು ಮದ್ದು ಸಾಕಿತ್ತು. ಎಂಥ ಕಿವಿ ನೋವಾದರೂ ಮಗು ಆರಾಮವಾಗಿ ಮಲಗುತ್ತಿತ್ತು. ಇಂಥ ಡಾಕ್ಟರು ನಮಗೆ ಇನ್ನು ಸಿಗಲಿಕ್ಕಿಲ್ಲ." ಸುತ್ತಲಿನವರೆಲ್ಲ ತಲೆಯಾಡಿಸಿದರು. ಹೆಂಗಸರು ಅತ್ತರು. ನಾನು ಎದ್ದು ನಿಂತು ಕಿರುಚಬೇಕು ಎಂದುಕೊಂಡೆ. ಪೆಟ್ಟಿಗೆಯಲ್ಲಿ ಮಲಗಿದ್ದವರು ಎದ್ದು ಬಂದು ಆ ಮೈಕು ಕಿತ್ತುಕೊಳ್ಳುತ್ತಾರೇನೋ ಎಂದು ಒಂದು ಕ್ಷಣ ನಿಜವಾಗಿಯೂ ಕಾದೆ. ಆಮೇಲೆ ಹಾಡು ಶುರುವಾಯಿತು, ಎಲ್ಲರೂ ಸ್ಮಶಾನದ ಕಡೆ ನಡೆದರು.

ಕ್ಲಿನಿಕ್ಕಿನ ಕೋಣೆ ಈಗ ಖಾಲಿ. ಮೆಡಿಕಲ್ ಶಾಪಿಗೆ ಕೇಳಿದ್ದಾರಂತೆ, ಬಣ್ಣ ಬಳಿಸಿದ ಮೇಲೆ ಬರುತ್ತಾರಂತೆ.

ಇದನ್ನು ಇವತ್ತೇ ಬರೆಯಲು ಕುಳಿತದ್ದಕ್ಕೆ ಕಾರಣ ಎದುರು ಮನೆ. ಅಲ್ಲಿ ಕಳೆದ ವರ್ಷ ಬಂದ ಎಳೆಯ ದಂಪತಿ ಇದ್ದಾರೆ. ಗಂಡನಿಗೆ ಸಂತೆಕಟ್ಟೆಯಲ್ಲಿ ಟೈಲ್ಸ್ ಅಂಗಡಿ. ವರ್ಷ ತುಂಬಿದ ಒಂದು ಗಂಡು ಮಗು. ಶುಕ್ರವಾರದಿಂದ ಅದು ಕಿವಿ ಎಳೆದುಕೊಂಡು ಅಳುತ್ತಿತ್ತು, ನನ್ನ ಕಿಟಕಿಗೆ ಎಲ್ಲ ಕೇಳಿಸುತ್ತದೆ. ನಿನ್ನೆ ಮಧ್ಯಾಹ್ನದಿಂದ ಅಳು ನಿಂತಿದೆ. ಬೆಳಿಗ್ಗೆ ಬಟ್ಟೆ ಹರವಲು ಬಂದ ಆ ಹುಡುಗಿಯನ್ನು ಬಾಲ್ಕನಿಯಿಂದಲೇ ವಿಚಾರಿಸಿದೆ. ಅವಳ ಮುಖದಲ್ಲಿ ಎರಡು ದಿನದ ನಿದ್ರೆ ತೀರಿಸಿಕೊಂಡ ಕಳೆ ಇತ್ತು.

"ಈಗ ಎಂತ ತೊಂದರೆ ಇಲ್ಲ ಸರ್. ಜೆಸಿಂತಾ ಬಾಯಿ ಒಂದು ಮದ್ದು ಕೊಟ್ಟರು. ಚೆನ್ನಾಗಿ ಮಲಗಿದ್ದಾನೆ."

ಮಗುವನ್ನು ಎಬ್ಬಿಸಮ್ಮಾ, ಡಾಕ್ಟರಿಗೆ ತೋರಿಸು ಎಂದೆ. ಎದ್ದ ಮೇಲೆ ನೋಡುವ ಸರ್ ಎಂದು ನಕ್ಕು ಒಳಗೆ ಹೋದಳು. ನಾನು ಹಳಗನ್ನಡ ಪಾಠ ಮಾಡುವವನು, ಡಾಕ್ಟರಲ್ಲ. ಹೆಚ್ಚಿನ ಮಕ್ಕಳಿಗೆ ತಾನಾಗಿಯೇ ಗುಣವಾಗುತ್ತದೆ ಎಂದು ಅವರೇ ಹೇಳುತ್ತಿದ್ದರಲ್ಲ ಎಂದು ನನಗೆ ನಾನೇ ಹೇಳಿಕೊಂಡು ಒಳಗೆ ಬಂದು ಕುಳಿತೆ. ಬರೆಯುತ್ತ ಬರೆಯುತ್ತ ಕಿವಿ ಆ ಕಡೆಗೇ ಇತ್ತು. ಗಂಡ ಊಟಕ್ಕೆ ಬಂದು ಹೋದ. ಕುಕ್ಕರು ಕೂಗಿತು. ಟಿವಿ ಹಾಕಿದರು, ಆರಿಸಿದರು. ತೊಟ್ಟಿಲಿನ ಸರಪಳಿಯ ಸದ್ದು ಇಷ್ಟು ಹೊತ್ತಾದರೂ ಒಂದು ಸಲವೂ ಕೇಳಿಸಲಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಹೋಗಿ ಬಾಗಿಲು ತಟ್ಟಬೇಕು. ಮಲಗಿದ ಮಗುವನ್ನು ಎಬ್ಬಿಸಿದಿರಿ ಎಂದು ಬೈಯುತ್ತಾರೆ. ಬೈಯಲಿ.